ಕಣ್ಣಿನ ಹಾಳೆ

ಹೆಂಡತಿಯ ಕಣ್ಣು ಹೇಗಿದ್ದವು ಎಂದು ಪಾಲಾಕ್ಷಪ್ಪನಿಗೆ ನೆನಪಾಗುತ್ತಿರಲಿಲ್ಲ. ನಾಳೆ ಅವಳ ದಿವಸದ ಕಾರ್ಯ, ನೆಂಟರು ಬರುವ ಹೊತ್ತಿಗೆ ಹಾರ ಹಾಕಲು ಚಿತ್ರ ಸಿದ್ಧವಿರಬೇಕು. ಬೆಳಿಗ್ಗೆ ಗ್ಯಾಲರಿಯ ಬಾಗಿಲು ತೆಗೆದವನು ಊದುಬತ್ತಿ ಹಚ್ಚುವುದನ್ನೂ ಮರೆತು ಗೋಡೆಯ ಮೇಲಿನ ಆ ಹಾಳೆಯ ಮುಂದೆ ನಿಂತುಬಿಟ್ಟಿದ್ದ. ಕಣ್ಣಿನ ಹಾಳೆ ಎಂದೇ ಅಂಗಡಿಯಲ್ಲಿ ಅದರ ಹೆಸರು. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಅಂಗಡಿಗೆ ಚಿತ್ರ ಬರೆಯುವ ಸುಂಕಪ್ಪ ಬರೆದ ಜೋಡಿ ಜೋಡಿ ಕಣ್ಣುಗಳು. ಮುಖವಿಲ್ಲ, ಮೂಗಿಲ್ಲ, ಬರೀ ಕಣ್ಣು. ಮೇಲಿನ ಸಾಲಿನಲ್ಲಿ ಗಂಡಸರದು, ಕೆಳಗೆ ಹೆಂಗಸರದು, ಮೂಲೆಯಲ್ಲಿ ಮಕ್ಕಳದು. ಈ ಸೀಮೆಯಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುವವರು ಕಡಿಮೆ. ಸತ್ತ ಮೇಲೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಆಗ ಫೋಟೋದವನಿಗೆ ಹೇಳಿ ಕಳಿಸುತ್ತಾರೆ. ಆ ಫೋಟೋ ಗ್ಯಾಲರಿಗೆ ಬರುತ್ತದೆ. ಅದನ್ನು ದೊಡ್ಡದು ಮಾಡಿಸಿ, ಬಣ್ಣ ಹಾಕಿಸಿ, ಮುಚ್ಚಿದ ಕಣ್ಣಿನ ಜಾಗದಲ್ಲಿ ತೆರೆದ ಕಣ್ಣು ಬರೆಸಿ, ಕಟ್ಟು ಹಾಕಿಸಿ ಕೊಡುವುದು ಪಾಲಾಕ್ಷಪ್ಪನ ಕಸುಬು. ಬಂದವರು ಹಾಳೆಯ ಮುಂದೆ ನಿಂತು, ಮೂಗು ಒರೆಸಿಕೊಳ್ಳುತ್ತ, ಒಂದು ಜೊತೆಯ ಕಡೆ ಬೆರಳು ತೋರಿಸಬೇಕು. ತಡಮಾಡಿದರೆ ಅವನೇ ಮುಂದಾಗಿ, "ಇದ ನೋಡ್ರಿ, ನಿಮ್ಮಪ್ಪಂದು ಥೇಟ್ ಹಿಂಗ ಇತ್ತು" ಎಂದುಬಿಡುತ್ತಿದ್ದ. ಆ ಅಪ್ಪನನ್ನು ಅವನು ಜನ್ಮದಲ್ಲಿ ಕಂಡಿರುತ್ತಿರಲಿಲ್ಲ. "ಹೌದ್ರಿ, ಹಿಂಗ ಇತ್ತು" ಎಂದು ಅವರೂ ತಲೆಯಾಡಿಸುತ್ತಿದ್ದರು. ಈಗ ಅವನ ಬೆನ್ನ ಹಿಂದೆ ನಿಂತು ಹಾಗೆ ಹೇಳುವವರು ಯಾರೂ ಇರಲಿಲ್ಲ.

ಹೆಂಗಸರ ಸಾಲನ್ನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. ಎಲ್ಲವೂ ಹೆಂಡತಿ ಭರಮಮ್ಮನದೇ ಇರಬಹುದು ಎನ್ನಿಸಿತು, ಯಾವುದೂ ಅಲ್ಲ ಎನ್ನಿಸಿತು. ಅವಳ ಕೈ ನೆನಪಿತ್ತು. ರೊಟ್ಟಿ ಬಡಿಯುವಾಗ ಮಣಿಕಟ್ಟಿನ ಬಳೆ ಮೊಳಕೈವರೆಗೆ ಸರಿಸಿಕೊಳ್ಳುವುದು ನೆನಪಿತ್ತು. ಹಿಮ್ಮಡಿಯ ಒಡಕು, ನೀಲಿ ಸೀರೆಯ ಅಂಚು, ಕೆಮ್ಮುವಾಗ ಬಾಯಿಗೆ ಸೆರಗು ಒತ್ತಿಕೊಳ್ಳುವುದು, ಎಲ್ಲವೂ. ಮುಖದ ಹತ್ತಿರ ಬಂದರೆ ಮಾತ್ರ ಯಾರೋ ದೀಪ ಸಣ್ಣದು ಮಾಡಿದಂತಾಗುತ್ತಿತ್ತು. ಅವಳ ಜೀವ ಹೋದಾಗ ಕಣ್ಣು ಅರೆ ತೆರೆದೇ ಇದ್ದವಂತೆ. 'ಕಣ್ಣು ಮುಚ್ರಿ, ಫೋಟೋದಾವ ಬಂದಾನ' ಎಂದು ಯಾರೋ ಅಂದರು. ಇವನು ಹೆಬ್ಬೆರಳಿನಿಂದ ರೆಪ್ಪೆ ಎಳೆದ. ಎಳೆಯುವಾಗ ನೋಡುತ್ತಿದ್ದುದು ಅವಳನ್ನಲ್ಲ, ಅವಳ ಹಿಂದಿನ ಗೋಡೆಯನ್ನು. ಅಲ್ಲಿ ಸುಣ್ಣ ಎದ್ದಿತ್ತು, ನೆಂಟರು ಬರುವ ಮನೆ, ಫೋಟೋದಲ್ಲಿ ಕಂಡೀತು ಎಂದು ಅವನ ಯೋಚನೆ. ಆ ಹೊತ್ತಿನಲ್ಲಿ ಒಂದು ಸಲ ಕೆಳಗೆ ನೋಡಿದ್ದರೆ ಈವತ್ತು ಈ ಹಾಳೆಯ ಮುಂದೆ ಭಿಕ್ಷುಕನ ಹಾಗೆ ನಿಲ್ಲುವುದು ತಪ್ಪುತ್ತಿತ್ತು. ನಾಚಿಕೆಯಾಯಿತು, ನಾಚಿಕೆಯ ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಎಮರ್ಜೆನ್ಸಿ ಮುಗಿದ ವರ್ಷ ಅವನು ಕೊಟ್ಟೂರಿನ ಬಜಾರಿನಲ್ಲಿ, ಶೇಂಗಾ ಮಂಡಿಯ ಮಹಡಿಯ ಮೇಲೆ, 'ಪಾಲಾಕ್ಷ ಆರ್ಟ್ ಗ್ಯಾಲರಿ' ಎಂದು ಬೋರ್ಡು ಹಾಕಿಸಿದ್ದು. ಹರೆಯದಲ್ಲಿ ಡ್ರಾಯಿಂಗ್ ಪರೀಕ್ಷೆಗೆಂದು ಬೆಂಗಳೂರಿಗೆ ಹೋದವನು ಅಲ್ಲೊಂದು ಚಿತ್ರಪ್ರದರ್ಶನ ಹೊಕ್ಕಿದ್ದ. ಬಿಳೀ ಗೋಡೆ, ಚಿತ್ರಕ್ಕೂ ಚಿತ್ರಕ್ಕೂ ನಡುವೆ ಮೊಳದಷ್ಟು ಖಾಲಿ ಜಾಗ, ಜನ ಕೈ ಹಿಂದೆ ಕಟ್ಟಿಕೊಂಡು ಮಾತಿಲ್ಲದೆ ನಡೆಯುತ್ತಿದ್ದರು. ಪರೀಕ್ಷೆ ಫೇಲಾಯಿತು, ಬಿಳೀ ಗೋಡೆ ತಲೆಯಲ್ಲಿ ಉಳಿಯಿತು. ಕೊಟ್ಟೂರಿನಲ್ಲೂ ಹಾಗೆಯೇ ಸುಣ್ಣ ಹೊಡೆಸಿ, ಸುಂಕಪ್ಪ ಬರೆದ ಗುಡೇಕೋಟೆಯ ಬಂಡೆಗಳನ್ನೂ, ಬಾಗಳಿಯ ಗುಡಿಯ ಕಂಬಗಳನ್ನೂ, ಹಂಪಸಾಗರದ ಹೊಳೆ ದಂಡೆಯನ್ನೂ ದೂರ ದೂರ ತೂಗುಹಾಕಿದ. ಜನ ಬಂದರು, ನೋಡಿದರು, 'ಇದು ನಮ್ಮ ಗುಡ್ಡ ಅಲ್ಲೇನ್ರಿ, ಮನಿ ಮುಂದ ಐತಲ್ಲ' ಎಂದು ನಕ್ಕು ಇಳಿದುಹೋದರು. ಬ್ಯಾಂಕಿನ ಮ್ಯಾನೇಜರೊಬ್ಬರು ಹಿಮದ ಗುಡ್ಡ ಇದ್ದರೆ ಕೊಡಿ ಎಂದರು. ಮೊದಲು ಲಕ್ಷ್ಮಿ ಸರಸ್ವತಿಯರ ಪಟ ಬಂದವು, ಆಮೇಲೆ ಮದುವೆ ಉಡುಗೊರೆಗೆ ಜಿಂಕೆ ಜಲಪಾತ ಬಂದವು, ಕೊನೆಗೆ ಸತ್ತವರು ಬಂದರು. ಸತ್ತವರು ಬಂದ ಮೇಲೆ ವ್ಯಾಪಾರ ಕೈಗೆ ಹತ್ತಿತು. ಗುಡೇಕೋಟೆಯ ಬಂಡೆಗಳು ಒಂದೊಂದೇ ಹಿಂದಿನ ಕೋಣೆಗೆ ಸರಿದು ಗೋಡೆಗೆ ಮುಖ ಮಾಡಿ ನಿಂತವು. ಖಾಲಿ ಜಾಗದ ತುಂಬ ಹಣೆಯಲ್ಲಿ ವಿಭೂತಿ ಇಟ್ಟ, ಒಂದೇ ತರಹ ನೋಡುವ ಮುಖಗಳು ತುಂಬಿಕೊಂಡವು.

ಗ್ಯಾಲರಿ ತೆರೆದ ದಿನ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದ. ಭರಮಮ್ಮ ಮೆಟ್ಟಿಲ ತುದಿಯಲ್ಲಿ, ತಟ್ಟೆ ಹಿಡಿದು, ಬರಲೋ ಬೇಡವೋ ಎನ್ನುವ ಹಾಗೆ ನಿಂತಿದ್ದಳು. 'ನೀ ಒಳಗ ಹೋಗಿ ಚಾ ನೋಡು' ಎಂದಿದ್ದ ಇವನು. ಒರಟಾಗಿ ಹೇಳಲಿಲ್ಲ, ಕೆಲಸದ ಗಡಿಬಿಡಿಯಲ್ಲಿ ಹೇಳಿದ್ದು. ಅವಳು ಹೋದಳು. ಹೋದ ಮೇಲೆ ಸಾಲಾಗಿ ನಿಂತವರ ಮುಖದ ಮೇಲೆ ಬೆಳಕು ಫಳಕ್ಕೆಂದಿತು, ಆ ಫೋಟೋ ಈಗಲೂ ಮೇಜಿನ ಗಾಜಿನ ಕೆಳಗಿದೆ. ಅದರಲ್ಲಿ ಮಂಡಿ ಮಾಲೀಕರಿದ್ದಾರೆ, ಪೇಪರ್ ಹಂಚುವವನಿದ್ದಾನೆ, ಚಾ ತಂದ ಹೋಟೆಲಿನವನೂ ಇದ್ದಾನೆ.

"ಸಾವ್ಕಾರ್ರ, ನಮ್ಮವ್ವ ತಯಾರಾದ್ಲೇನ್ರಿ?" ಎಂದು ಬಾಗಿಲಲ್ಲಿ ಯಾರೋ ಕೇಳಿದರು. ಗುಡೇಕೋಟೆಯ ಕುರಿ ಕಾಯುವ ಅಜ್ಜಯ್ಯ. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಧೂಳು. ಅವನ ತಾಯಿ, ಮುದುಕಿ, ಸಂಕ್ರಾಂತಿ ಮುಂದೆ ತೀರಿಹೋಗಿದ್ದಳು. ಪಾಲಾಕ್ಷಪ್ಪ ಚಿತ್ರ ತಂದು, ಗಾಜು ಒರೆಸಿ, ಬೆಳಕಿಗೆ ಹಿಡಿದ. ಹಿಡಿದಾಗ ಹೇಳುವ ಮಾತುಗಳು ಅವನಿಗೆ ಬಾಯಿಪಾಠ. ಇವತ್ತು ಅವು ಬರಲಿಲ್ಲ. ಅಜ್ಜಯ್ಯ ಬಹಳ ಹೊತ್ತು ನೋಡಿದ, ತಲೆ ಆ ಕಡೆ ವಾಲಿಸಿ ನೋಡಿದ, ಈ ಕಡೆ ಬಂದು ನಿಂತು ನೋಡಿದ.

"ಚಲೋ ಬಂದೈತ್ರಿ," ಎಂದ. ಸ್ವಲ್ಪ ತಡೆದು, "ಆದ್ರ ಇಕಿ ನನ್ನ ನೋಡವಲ್ಲಳಲ್ರಿ?" ಎಂದ.

"ಅಂದ್ರ?"

"ಏನಿಲ್ರಿ. ನಮ್ಮವ್ವ ನಾ ಎಲ್ಲಿ ನಿಂತ್ರೂ ನೋಡ್ತಿದ್ಲು. ಹಟ್ಟಿಯಿಂದ ಬರೋದ್ರಾಗ ಇವ ಉಂಡಾನೋ ಇಲ್ಲೋ ಅಂತ ಕಣ್ಣಾಗ ಕೇಳ್ತಿದ್ಲು. ಇಕಿ ನನ್ನ ಹಿಂದ ಯಾರನ್ನೋ ನೋಡಾಕ ಹತ್ಯಾಳ." ಅಜ್ಜಯ್ಯ ತಾನೇ ತಪ್ಪು ಮಾಡಿದವನ ಹಾಗೆ ನಕ್ಕ. "ಇರ್ಲಿ ಬಿಡ್ರಿ. ಸತ್ತ ಮ್ಯಾಲೆ ಎಲ್ಲಾರೂ ಹಂಗ ಇರಬೇಕು."

ಬೇರೆ ದಿನವಾಗಿದ್ದರೆ ಪಾಲಾಕ್ಷಪ್ಪ ಮಾತು ತಿರುಗಿಸಿ, ಗೋಡೆಗೆ ಎಷ್ಟು ಎತ್ತರದಲ್ಲಿ ಮೊಳೆ ಹೊಡೆಯಬೇಕೆಂದು ಹೇಳಿ ಸಾಗಹಾಕುತ್ತಿದ್ದ. ಇವತ್ತು ಅವನು ತಲೆ ತಗ್ಗಿಸಿ ಸುತಳಿ ಹುಡುಕತೊಡಗಿದ. ಅಜ್ಜಯ್ಯ ಸುತಳಿ ಬೇಡವೆಂದು ಕಂಬಳಿ ಹಾಸಿ, ತಾಯಿಯನ್ನು ಮುಖ ಒಳಗೆ ಮಾಡಿ ಸುತ್ತಿ, ಕೂಸನ್ನು ಎತ್ತಿಕೊಳ್ಳುವ ಹಾಗೆ ಕಂಕುಳಿಗೆ ಎತ್ತಿಕೊಂಡು ಮೆಟ್ಟಿಲಿಳಿದ. ಇವನಿಗಾದರೂ ಇದು ನನ್ನ ತಾಯಿಯ ನೋಟವಲ್ಲ ಎಂದು ಹೇಳುವಷ್ಟು ಗೊತ್ತಿದೆ, ನನಗೆ ಅಷ್ಟೂ ಗೊತ್ತಿಲ್ಲ ಎಂದುಕೊಂಡ ಪಾಲಾಕ್ಷಪ್ಪನಿಗೆ ಆ ಕುರಿ ಕಾಯುವವನ ಮೇಲೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಮುಂಚೆ ಹೋಗುತ್ತಿರಲಿಲ್ಲ, ಭರಮಮ್ಮನೇ ಬುತ್ತಿ ತರುತ್ತಿದ್ದಳು. ಬರುವುದು ಕಾಣುವ ಮೊದಲೇ ಮೆಟ್ಟಿಲ ಮೇಲೆ ಅವಳ ಬಳೆಯ ಸದ್ದು ಕೇಳುತ್ತಿತ್ತು, ಗೋಡೆಗೆ ಅಂಗೈ ಊರಿ ಊರಿ ಹತ್ತುತ್ತಿದ್ದಳು. ಹೊಸ ಸುಣ್ಣದ ಗೋಡೆಯ ಮೇಲೆ ಎಣ್ಣೆಗೈ ಗುರುತು ಸಾಲಾಗಿ ಬಿದ್ದಾಗ, 'ನಡಿಯಾಕ ಬರಾಂಗಿಲ್ಲೇನು ನಿನಗ? ಗಿರಾಕಿ ಬರೋ ಜಾಗ ಹೊಲಸು ಮಾಡ್ತಿ' ಎಂದು ಬೈದಿದ್ದ. ಮರುದಿನದಿಂದ ಅವಳು ಸೆರಗಿನಿಂದ ಅಂಗೈ ಸುತ್ತಿಕೊಂಡು ಹತ್ತುತ್ತಿದ್ದಳು. ಮನೆಯಲ್ಲಿ ಈಗ ಮಗಳು ಹಾಲಮ್ಮ ಒಲೆಯ ಮುಂದಿದ್ದಳು. ಹಗರಿಬೊಮ್ಮನಹಳ್ಳಿಗೆ ಕೊಟ್ಟ ಮಗಳು, ತಾಯಿ ಹೋದಾಗಿನಿಂದ ಇಲ್ಲೇ ಇದ್ದಾಳೆ. ಊಟ ಅರ್ಧ ಮುಗಿಯುವವರೆಗೆ ಕಾಯ್ದು, ಸಾರಿಗೆ ಉಪ್ಪು ಕೇಳಿದಷ್ಟು ಹಗುರಾಗಿ ಕೇಳಬೇಕೆಂದು, "ಹಾಲಮ್ಮ, ನಿಮ್ಮವ್ವನ ಕಣ್ಣು ಸಣ್ಣವಿದ್ವೋ, ಅಗಲ ಇದ್ವೋ? ಸುಂಕಪ್ಪ ಕೇಳ್ತಿದ್ದ," ಎಂದ.

ಹಾಲಮ್ಮ ತಿರುಗಲಿಲ್ಲ. ರೊಟ್ಟಿಯ ಮೇಲೆ ಅವಳ ಕೈ ನಿಂತಿತು. "ಯಪ್ಪಾ, ನೀ ನೋಡಿಲ್ಲೇನು?"

"ನೋಡಿಲ್ದೇನು. ಬಾಯಾಗ ಹೇಳಾಕ ಬರವಲ್ದು, ಅಷ್ಟ."

"ಅವ್ವನ ಕಣ್ಣು ಅವ್ವನ ಕಣ್ಣಿದ್ದಂಗ ಇದ್ವು," ಎಂದು ಹಾಲಮ್ಮ ರೊಟ್ಟಿ ತಿರುವಿ ಹಾಕಿದಳು. "ಹಾಳ್ಯಾಗ ಇರೋದ್ರಾಗ ಯಾವುದಾರ ಹಾಕಿಸು. ಚಂದ ಇರೋದು ಹಾಕಿಸು. ಅಷ್ಟಾದ್ರೂ ಮಾಡು."

ಅವಳ ಮಾತಿನಲ್ಲಿ ಏನೋ ಬಾಗಿಲು ಹಾಕಿದಂತಿತ್ತು. ಅವನಿಗೆ ಮುಂದೆ ಕೇಳುವ ಧೈರ್ಯವಾಗಲಿಲ್ಲ. ಸ್ವಂತ ಮಗಳ ಎದುರು ಕಳ್ಳನ ಹಾಗೆ ಕೂತು ಉಣ್ಣುವುದು ಇದೇ ಮೊದಲು.

ಇಳಿಹೊತ್ತಿಗೆ ಹರಪನಹಳ್ಳಿ ಬಸ್ಸಿಗೆ ದ್ಯಾಮಕ್ಕ ಬಂದಳು. ಭರಮಮ್ಮನ ಅಕ್ಕ, ದೇಹ ಭಾರ, ಉಸಿರು ಗಿಡ್ಡ. ಬಂದವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ತಂಗಿಯ ಹೆಸರು ಹಿಡಿದು ಅತ್ತಳು, ಅತ್ತು ಮುಗಿಸಿ ನೀರು ಕುಡಿದಳು. ಹಾಲಮ್ಮ ಹಿತ್ತಲಿಗೆ ಹೋದುದನ್ನು ನೋಡಿಕೊಂಡು ಪಾಲಾಕ್ಷಪ್ಪ ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಈ ಸಲ ಹಗುರಾಗಿ ಕೇಳುವ ನಾಟಕ ಅವನಿಂದಾಗಲಿಲ್ಲ. "ಅಕ್ಕಾರ, ನನಗ ಆಕಿ ಕಣ್ಣು ನೆನಪಾಗವಲ್ವು," ಎಂದ. "ನಾಳಿ ಚಿತ್ರ ಇಡಬೇಕು. ನೀವಾದ್ರೂ ಹೇಳ್ರಿ."

ದ್ಯಾಮಕ್ಕ ಅವನನ್ನೇ ನೋಡಿದಳು. ಆಮೇಲೆ ಹಿತ್ತಲ ಬಾಗಿಲ ಕಡೆ ನೋಡಿದಳು. "ನಿಮಗೆ ಖರೇನ ಗೊತ್ತಿಲ್ಲೇನು?" ಎಂದಳು.

"ಏನು?"

"ಸಣ್ಣಾಕಿ ಇದ್ದಾಗ ಅಕಿಗೆ ಅಮ್ಮ ಆಗಿತ್ತು. ಸಿಡುಬು. ಮೈಮೇಲಿನ ಕಲೆ ಮಾಸಿದ್ವು. ಎಡಗಣ್ಣಾಗೆ ಒಂದು ಹೂವು ಉಳೀತು, ಬೆಳ್ಳಗೆ, ಸಾಸಿವಿ ಕಾಳಿನಷ್ಟು. ನೀವು ಹೆಣ್ಣು ನೋಡಾಕೆ ಬಂದಾಗ ನಮ್ಮವ್ವ ಎಡಮಗ್ಗುಲು ಕತ್ತಲಾಗಿರಂಗೆ ಕೂರಿಸಿದ್ಲು. ಮದುವಿ ಆತು. ನೀವು ಏನೂ ಅನ್ನಲಿಲ್ಲ. ನೋಡಿ ಸುಮ್ನದಾರೋ, ನೋಡೇ ಇಲ್ಲೋ ಅಂತ ಅಕಿಗೆ ಕಡೀತನಕ ತಿಳೀಲಿಲ್ಲ." ದ್ಯಾಮಕ್ಕ ದನಿ ತಗ್ಗಿಸಿದಳು. "ಆಮ್ಯಾಲೆ ಹೂವು ದೊಡ್ಡದಾತು. ಆ ಕಣ್ಣು ಹೋಗಿ ಎಷ್ಟೋ ವರ್ಷ ಆತ್ರಿ. ಮಂದಿಗೂ ಕಾಣದಂಗೆ ತಲಿಮ್ಯಾಲಿನ ಸೆರಗು ಎಡಕ್ಕೆ ಇಳಿಬಿಟ್ಕೊಂಡೇ ಇರ್ತಿದ್ಲು."

"ನನಗ ಹೇಳಲಿಲ್ಲ."

"ಹೆಂಗೆ ಹೇಳ್ತಾಳೆ? ನೀವು ಚಿತ್ರದ ಮಂದಿ, ಚಂದ ನೋಡೋರು. ಒಂದು ಗೆರೆ ಸೊಟ್ಟ ಆದ್ರೆ ತಿರುಗಿ ಬರೆಸ್ತಾರೆ, ನನ್ನ ಏನ್ ಮಾಡ್ತಾರೆ ಅಂತಿದ್ಲು. ನಗ್ತಾನೇ ಅಂತಿದ್ಲು." ದ್ಯಾಮಕ್ಕ ಮತ್ತೆ ಅಳಲು ಶುರುಮಾಡಿ ತಡೆದುಕೊಂಡಳು. "ಹಾಲಮ್ಮಗೆ ಗೊತ್ತು, ನನಗೆ ಗೊತ್ತು. ನಿಮಗೆ ಹೇಳಬ್ಯಾಡ ಅಂತ ಆಣೆ ಹಾಕಿಸಿಕೊಂಡಿದ್ಲು. ಇದು ಇಲ್ಲಿಗೇ ಇರ್ಲಿ."

ಪಾಲಾಕ್ಷಪ್ಪ ಎದ್ದು ಬೀದಿಗೆ ಬಂದ. ಎಲ್ಲಿ ಹೋಗುತ್ತಿದ್ದೇನೆಂದು ತಿಳಿಯದೆ ಬಜಾರಿನ ಕಡೆ ನಡೆದ. ಮಿರ್ಚಿ ಕರಿಯುವ ಎಣ್ಣೆಯ ವಾಸನೆ, ಮಂಡಿಯ ಮುಂದೆ ಚೀಲ ಇಳಿಸುವ ಎತ್ತಿನ ಗಾಡಿ. ಯಾರೋ 'ಗ್ಯಾಲರಿ ಪಾಲಾಕ್ಷಪ್ನೋರ' ಎಂದು ಕರೆದರು. ಅವನು ಮನಸ್ಸಿನಲ್ಲಿ ಗೋಡೆಗೆ ಅಂಗೈ ಊರಿ ಹತ್ತುತ್ತಿದ್ದ ಹೆಂಗಸನ್ನು ನೋಡುತ್ತಿದ್ದ. ಅರ್ಧ ಕತ್ತಲೆಯಲ್ಲಿ ಮೆಟ್ಟಿಲು ತಡಕಾಡುತ್ತ, ಒಂದು ಕೈಯಲ್ಲಿ ಬಿಸಿ ಬುತ್ತಿ ಹಿಡಿದು, ಪ್ರತಿದಿನ ಅವಳು ಹತ್ತಿದ್ದಳು. ಅವನು ಗೋಡೆಯನ್ನು ನೋಡಿದ್ದ. ಮದುವೆಯಾದ ಹೊಸತರಲ್ಲಿ, ಒಂದು ಬೆಳಿಗ್ಗೆ, ಹಿತ್ತಲ ಬಿಸಿಲಿನಲ್ಲಿ ಅವಳು ತಲೆಗೂದಲು ಒಣಗಿಸುತ್ತಿದ್ದಾಗ ಏನೋ ಬಿಳಿದು ಕಂಡು ಮನಸ್ಸು ಹಿಂಡಿದಂತಾಗಿ ಆ ಕಡೆ ನೋಡುವುದನ್ನೇ ಬಿಟ್ಟಿದ್ದೆನಲ್ಲವೇ ಎಂದು ಈಗ ಅನ್ನಿಸಿತು. ನಿಜವಾಗಿ ಕಂಡಿತ್ತೋ, ಈಗ ಕೇಳಿದ ಮಾತು ಹಿಂದಕ್ಕೆ ಹೋಗಿ ಆ ಬಿಸಿಲಿನಲ್ಲಿ ಕೂತಿತೋ ಹೇಳುವುದು ಸಾಧ್ಯವಿರಲಿಲ್ಲ. ಕಂಡಿದ್ದರೆ ಅದು ಕಾಣದಿದ್ದುದಕ್ಕಿಂತ ಕೆಟ್ಟದ್ದು.

ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ಸುಂಕಪ್ಪ ಬಲ್ಬಿನ ಕೆಳಗೆ ಕೂತಿದ್ದ. ಕೂಡ್ಲಿಗಿಯ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕ ಮೇಲೆ ಅವನು ಸಂಜೆಯಷ್ಟೇ ಬರುತ್ತಿದ್ದ, ಬಂದರೂ ಮೊದಲಿನ ವಿನಯ ಇರುತ್ತಿರಲಿಲ್ಲ. ಎದುರಿಗೆ ಭರಮಮ್ಮನ ಚಿತ್ರ. ಸೀರೆ, ವಿಭೂತಿ, ಮೂಗುತಿ ಎಲ್ಲ ಮುಗಿದಿತ್ತು. ಕಣ್ಣಿನ ಜಾಗ ಮಾತ್ರ ಬೋಳು.

"ಲೇ ಸುಂಕಪ್ಪ, ನೀನೂ ಮನಿಗೆ ಬರ್ತಿದ್ದಿ. ಆಕಿ ಮುಖ ನೋಡಿದ್ದಿಲ್ಲೇನು?"

ಸುಂಕಪ್ಪ ಕುಂಚ ಒರೆಸಿದ. "ನಾನು ನಿಮ್ಮ ಬಾಗ್ಲಾಚಿ ನಿಂತು ಚಾ ಇಸಗೊಂಡು ಕುಡದಾವ. ನಿಮ್ಮ ಮನಿ ಹೆಣ್ಣುಮಕ್ಕಳ ಮುಖ ತಲಿ ಎತ್ತಿ ನೋಡಾಕ ಬರ್ತಿತ್ತೇನ್ರಿ? ನೋಡಿದ್ರ ನೀವ ಬಿಡ್ತಿದ್ರೇನು?"

ಪಾಲಾಕ್ಷಪ್ಪ ಸ್ಟೂಲು ಎಳೆದುಕೊಂಡು ಕೂತು, "ಎಡಗಣ್ಣಾಗ ಹೂವು ಬರಿ," ಎಂದ.

"ಏನಂದ್ರಿ?"

"ಹೂವು. ಬೆಳ್ಳಗ. ಆ ಕಣ್ಣು ಹೋಗಿತ್ತು."

"ಸತ್ತೋರಿಗೆ ಊನ ಬರೀಬಾರ್ದು ಅಂತ ನೀವ ಹೇಳಿಕೊಟ್ಟಿದ್ದು. ಹಂಪಸಾಗರದ ಮುದುಕಂದು ಮಾಲುಗಣ್ಣು ಇತ್ತು ಅಂತ ಅವರ ಮಕ್ಳ ಅಂದ್ರೂ ನೆಟ್ಟಗ ಬರೆಸಿದ್ರಿ. ಮಂದಿ ಏನಂತಾರ ನೋಡ್ಕೊಳ್ರಿ."

"ಬರಿ ಅಂದ್ನೆಲ್ಲ. ಒಮ್ಮೆಯಾದ್ರೂ ಖರೇದು ಬರಿ."

ಸುಂಕಪ್ಪ ಅವನ ಮುಖ ನೋಡಿ ಬಿಳಿ ಬಣ್ಣದ ಟ್ಯೂಬು ಹಿಂಡಿದ. ಬೂದಿ ಬೆರೆಸಿದ ಬಿಳಿ, ಅಂಚಿಗೆ ತುಸು ನೀಲಿ. ಕಣ್ಣಿನ ಕಪ್ಪಿನ ಮೇಲೆ ಅದು ಕೂತಾಗ ಪಾಲಾಕ್ಷಪ್ಪನಿಗೆ ಇಷ್ಟು ವರ್ಷಕ್ಕೆ ಹೆಂಡತಿಯನ್ನು ನೋಡಿದೆ ಎನ್ನಿಸಿತು, ಅವಳೂ ಇದನ್ನು ಒಪ್ಪುತ್ತಾಳೆ ಎನ್ನಿಸಿತು. ಸತ್ತವರು ಒಪ್ಪುತ್ತಾರೆಂದು ಬದುಕಿದವರು ಎಷ್ಟು ಬೇಗ ನಂಬಿಬಿಡುತ್ತಾರೆ.

"ಬಲಗಣ್ಣು?" ಎಂದ ಸುಂಕಪ್ಪ.

ಪಾಲಾಕ್ಷಪ್ಪ ಬಾಯಿ ತೆರೆದ. ದ್ಯಾಮಕ್ಕನನ್ನು ಬಲಗಣ್ಣಿನ ಬಗ್ಗೆ ಕೇಳುವುದನ್ನೇ ಮರೆತು ಬಂದಿದ್ದ. ಮತ್ತೆ ಹೋಗಿ ಕೇಳಲು ಮುಖವಿರಲಿಲ್ಲ. ಎದ್ದು ಹೋಗಿ ಮುಂದಿನ ಗೋಡೆಯಿಂದ ಕಣ್ಣಿನ ಹಾಳೆ ಬಿಚ್ಚಿಕೊಂಡು ಬಂದು, "ಹಾಳಿಯಿಂದ ಹಾಕು," ಎಂದು ಹೆಂಗಸರ ಸಾಲಿನಲ್ಲಿ ನಡುವಿನದೊಂದನ್ನು ತೋರಿಸಿದ. ಎಲ್ಲರೂ ಅದನ್ನೇ ಇಷ್ಟಪಡುತ್ತಿದ್ದರು.

ಮರುದಿನ ಬೆಳಿಗ್ಗೆ ಸುಂಕಪ್ಪ ಚಿತ್ರವನ್ನು ಪೇಪರಿನಲ್ಲಿ ಸುತ್ತಿ ತಂದು ಹೊಸ್ತಿಲಾಚೆಯಿಂದ ಕೊಟ್ಟು, ಒಳಗೆ ನೋಡದೆ, ಬಸ್ಸಿಗೆ ಹೊತ್ತಾಯಿತೆಂದು ಹೋದ. ಪಾಲಾಕ್ಷಪ್ಪ ಯಾರಿಗೂ ತೋರಿಸದೆ ತಾನೇ ಮೊಳೆ ಹೊಡೆದು ಪಡಸಾಲೆಯ ಗೋಡೆಗೆ ತೂಗುಹಾಕಿದ, ಮೇಲೊಂದು ಪಂಚೆ ಮುಚ್ಚಿದ. ಗ್ಯಾಲರಿ ತೆರೆದ ದಿನದ ಉಮೇದಿನಂಥದೇ ಒಂದು ಉಮೇದು ಅವನಲ್ಲಿತ್ತು, ಅದು ಅವನಿಗೇ ಅಸಹ್ಯವಾಯಿತು, ಆದರೂ ಇತ್ತು. ನೆಂಟರು ನೆರೆದು, ಎಡೆ ಸಿದ್ಧವಾಗಿ, ಪೂಜೆಗೆ ಕೂತ ಅಯ್ಯನವರು ಹಾರ ಕೇಳಿದಾಗ ಅವನು ಪಂಚೆ ಎಳೆದ.

ಹೆಂಗಸರ ಗುಂಪಿನಲ್ಲಿ ಪಿಸುಮಾತು ಹರಿಯಿತು. "ಕಣ್ಣಾಗ ಅದೇನು, ಬಣ್ಣ ಬಿದ್ದೈತೇನು?" "ಬಣ್ಣಲ್ಲ, ಹೂವು." "ಯವ್ವಾ, ಭರಮಮ್ಮಗ ಕಣ್ಣಿದ್ದಿಲ್ಲೇನು?" ಪಾಲಾಕ್ಷಪ್ಪನ ಸೋದರತ್ತೆ ಪಕ್ಕೀರಮ್ಮ, ಮುಪ್ಪಿನಲ್ಲೂ ದನಿ ಕಡಿಮೆಯಾಗದವಳು, ಕೋಲೂರಿ ಎದ್ದು ಚಿತ್ರದ ಹತ್ತಿರ ಹೋಗಿ ನೋಡಿ, ತಿರುಗಿ ನೇರವಾಗಿ ದ್ಯಾಮಕ್ಕನಿಗೆ, "ಗೊತ್ತಿದ್ದೂ ಮುಚ್ಚಿ ಕೊಟ್ರೇನವಾ ನಮ್ಮ ಹುಡುಗಗ? ಕುರುಡು ಹೆಣ್ಣು ಕೊಟ್ರೇನು?" ಎಂದಳು.

ದ್ಯಾಮಕ್ಕನ ಮುಖ ಕಪ್ಪಿಟ್ಟಿತು. ಅವಳು ಪಾಲಾಕ್ಷಪ್ಪನನ್ನು ನೋಡಿದಳು. ಕಷ್ಟಪಟ್ಟು ಎದ್ದು, ಅಯ್ಯನವರ ಬುಟ್ಟಿಯಿಂದ ಸೇವಂತಿಗೆಯ ದಂಡೆ ತೆಗೆದುಕೊಂಡು, ಚಿತ್ರದ ಕಟ್ಟಿನ ತುದಿಗೆ ಸಿಗಿಸಿ ಇಳಿಬಿಟ್ಟಳು. ಹೂವು ಎಡಗಣ್ಣಿನ ಮೇಲೆ ಬಂದು ಕೂತಿತು. ಅವಳು ಇನ್ನೊಂದು ಸುತ್ತು ಹಾಕಿ ಚೂರೂ ಬಿಳಿ ಕಾಣದ ಹಾಗೆ ಮಾಡಿದಳು. "ಹಾಂ, ಈಗ ಚಲೋ ಕಾಣ್ತಾಳ ನೋಡ್ರಿ," ಎಂದು ಯಾರೋ ಸಮಾಧಾನಕ್ಕೆ ಅಂದರು. "ಈಗ ಥೇಟ್ ಅಕೀನ."

"ಅಲ್ಲ," ಎಂದು ಪಾಲಾಕ್ಷಪ್ಪ ಮುಂದೆ ಬಂದು ಹೂವಿಗೆ ಕೈ ಹಾಕಿದ. "ಅದು ಖರೇದು. ಅದು ಆಕೀದು. ಮುಚ್ಚಬ್ಯಾಡ್ರಿ."

ಹಾಲಮ್ಮ ಅವನ ಮಣಿಕಟ್ಟು ಹಿಡಿದಳು. ಅಳುತ್ತಿರಲಿಲ್ಲ. "ಬಿಡು ಯಪ್ಪಾ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಅವ್ವ ಸಾಯೋಮಟ ಮುಚ್ಚಿಟ್ಕೊಂಡಿದ್ದು ನಿನ್ನೊಬ್ಬನ ಸಲುವಾಗಿ. ನೀನು ನಿನ್ನ ಹೊಟ್ಟಿ ತಣ್ಣಗಾಗ್ಲಿ ಅಂತ ಊರ ಮುಂದ ಬಿಚ್ಚಿದಿ."

ಅವನ ಕೈ ಹಾಗೇ ಕೆಳಗಿಳಿಯಿತು. ಅಯ್ಯನವರು ಮಂತ್ರ ಶುರು ಮಾಡಿದರು, ಜನ ಒಬ್ಬೊಬ್ಬರೇ ಬಂದು ಹೂವು ಏರಿಸಿ, ಹಣೆ ನೆಲಕ್ಕೆ ಮುಟ್ಟಿಸಿ ಸರಿದರು. ಅವನ ಸರದಿ ಬಂದಾಗ ಪಾಲಾಕ್ಷಪ್ಪ ತಲೆ ಎತ್ತಿ ನೋಡಿದ. ದಂಡೆಯ ಪಕ್ಕದಿಂದ ಬಲಗಣ್ಣು ನೋಡುತ್ತಿತ್ತು. ಅಜ್ಜಯ್ಯನ ತಾಯಿಗೂ ಇದೇ ಕಣ್ಣು, ಮಂಡಿ ಮಾಲೀಕರ ಸೊಸೆಗೂ ಇದೇ, ಹರಪನಹಳ್ಳಿ ದಾರಿಯುದ್ದಕ್ಕೂ ಎಷ್ಟು ಪಡಸಾಲೆಗಳಲ್ಲಿ ಎಷ್ಟು ಹೆಂಗಸರಿಗೆ ಅವನು ಇದನ್ನೇ ಕೊಟ್ಟಿದ್ದ. ಅವಳದೇ ಆದದ್ದು ಹೂವಿನ ಕೆಳಗಿತ್ತು, ಅದನ್ನು ಸರಿಸುವ ಹಕ್ಕು ಅವನಿಗಿರಲಿಲ್ಲ. ಅವನ ಹಿಂದೆ ಯಾರನ್ನೋ ನೋಡುತ್ತಿದ್ದ ಆ ಕಣ್ಣಿಗೆ ಎಲ್ಲರಂತೆ ಅವನೂ ಕೈಮುಗಿದ.